ಹಡಗು ಬ್ರಿಡ್ಜ್‌ಟೌನ್‌ನಲ್ಲಿ ನಿಂತಾಗ: ಒಂದು ಹಗಲಿನಲ್ಲಿ ಏನು ನೋಡಬಹುದು, ಏನು ಬಿಡಬೇಕು

ಕ್ರೂಸ್‌ಗೆ ಹೋಗುವ ಮುಂಚೆ ಎಲ್ಲರೂ ಒಂದು ತಪ್ಪು ಲೆಕ್ಕ ಹಾಕುತ್ತಾರೆ. ನಾನೂ ಹಾಕಿದ್ದೆ. ಬೆಳಿಗ್ಗೆ ಎಂಟಕ್ಕೆ ಹಡಗು ಕೆರಿಬಿಯನ್ ದ್ವೀಪವಾದ ಬಾರ್ಬಡೋಸ್‌ನ ರಾಜಧಾನಿ ಬ್ರಿಡ್ಜ್‌ಟೌನ್ ಮುಟ್ಟುತ್ತೆ, ಸಂಜೆ ಐದೂವರೆಗೆ ಬಿಡುತ್ತೆ. ಅಂದರೆ ಒಂಬತ್ತೂವರೆ ಗಂಟೆ. ಇಡೀ ದ್ವೀಪದ ಉದ್ದವೇ 34 ಕಿಲೋಮೀಟರ್, ಅಗಲ 23. ಬೆಂಗಳೂರಿನಿಂದ ತುಮಕೂರಿಗೆ ಹೋಗುವಷ್ಟು ದೂರವೂ ಇಲ್ಲ. ಒಂದು ಸುತ್ತು ಹಾಕಿ ಬಂದುಬಿಡೋಣ ಅಂದುಕೊಂಡಿದ್ದೆ.

ಹಾಗೆ ಆಗೋದಿಲ್ಲ. ಇಳಿಯುವ ಸಾಲಿನಲ್ಲಿ ಅರ್ಧ ಗಂಟೆ ಹೋಗುತ್ತದೆ. ಹೊರಡುವ ಅರ್ಧ ಗಂಟೆಯೋ ಒಂದು ಗಂಟೆಯೋ ಮೊದಲೇ ಎಲ್ಲರೂ ಹಡಗು ಹತ್ತಿರಬೇಕು. ಅದಕ್ಕೂ ಒಂದು ಗಂಟೆ ಮೊದಲು ಬಂದರಿನ ಹತ್ತಿರ ಇರುವುದು ಕ್ಷೇಮ. ಊಟ, ಟ್ಯಾಕ್ಸಿ, ಶೌಚಾಲಯ ಹುಡುಕಾಟ ಎಲ್ಲ ಕಳೆದರೆ ಕೈಯಲ್ಲಿ ಉಳಿಯುವುದು ಐದಾರು ಗಂಟೆ ಅಷ್ಟೆ. ಹಾಗಾಗಿ ನನ್ನ ಸಲಹೆ ಇಷ್ಟು: ಒಂದು ನೀರಿನ ಕಾರ್ಯಕ್ರಮ, ಒಂದು ನೆಲದ ಕಾರ್ಯಕ್ರಮ. ಎರಡೂ ಬಂದರಿನಿಂದ ಮೂರು ಕಿಲೋಮೀಟರ್ ಒಳಗೆ. ಅಮ್ಮನನ್ನು ಕರೆದುಕೊಂಡು ಜನವರಿಯಲ್ಲಿ ಹೋದಾಗ ನಾವು ಮಾಡಿದ್ದು ಇದನ್ನೇ. ಅಂದರೆ, ನಮ್ಮ ಮೊದಲ ಪ್ಲ್ಯಾನ್ ಕೆಟ್ಟ ಮೇಲೆ ಮಾಡಿದ್ದು.

ಟಿಕೆಟ್ ಮಾಡಿಸುವಾಗ

ಭಾರತದ ಪಾಸ್‌ಪೋರ್ಟ್ ಇದ್ದವರು ಮೊದಲು ವೀಸಾ ನೋಡಿಕೊಳ್ಳಿ. ಹಡಗು ಫ್ಲೋರಿಡಾದಿಂದ ಹೊರಟು ಮತ್ತೆ ಅಲ್ಲಿಗೇ ಬರುವುದಾದರೆ ಅಮೆರಿಕದ ವೀಸಾದಲ್ಲಿ ಒಂದಕ್ಕಿಂತ ಜಾಸ್ತಿ ಸಲ ಒಳಗೆ ಬರಲು ಅನುಮತಿ ಇರಬೇಕು. ಬಾರ್ಬಡೋಸ್‌ಗೆ ಪ್ರವಾಸ ಹೋಗುವ ಭಾರತೀಯರಿಗೆ ವೀಸಾ ಬೇಡ. ಆದರೆ ಅದೇ ಹಡಗು ಇನ್ನೂ ನಾಲ್ಕೈದು ದ್ವೀಪಗಳಲ್ಲಿ ನಿಲ್ಲುತ್ತದಲ್ಲ, ಒಂದೊಂದರ ಕಾನೂನೂ ಬೇರೆ. ಮಾರ್ಟಿನಿಕ್, ಗ್ವಾಡಲೂಪ್ ಎರಡೂ ಫ್ರಾನ್ಸಿನ ಭಾಗ. ಒಂದು ದ್ವೀಪದ ಕಾಗದ ಸರಿ ಇಲ್ಲದಿದ್ದರೆ ಹಡಗನ್ನೇ ಹತ್ತಿಸದೆ ಇರಬಹುದು. ಆದ್ದರಿಂದ ಹಡಗಿನ ಕಂಪನಿಯಿಂದ ನಿಮ್ಮ ಪಾಸ್‌ಪೋರ್ಟ್‌ಗೆ ಏನೇನು ಬೇಕು ಅನ್ನುವುದನ್ನು ಬರವಣಿಗೆಯಲ್ಲೇ ತರಿಸಿಕೊಳ್ಳಿ. ಟ್ರಾವೆಲ್ ಏಜೆಂಟ್ "ಏನೂ ಬೇಡ ಸಾರ್" ಅಂದಿದ್ದನ್ನು ನಂಬಿ ಕೂರಬೇಡಿ.

ಆಮೇಲೆ ಬರುವ ಪ್ರಶ್ನೆ: ದ್ವೀಪದ ಸುತ್ತಾಟವನ್ನು ಹಡಗಿನವರ ಹತ್ತಿರವೇ ಬುಕ್ ಮಾಡುವುದೋ, ಹೊರಗಡೆಯೋ? ಹಡಗಿನದ್ದು ದುಬಾರಿ, ಗುಂಪು ದೊಡ್ಡದು. ಆದರೆ ಅವರ ಬಸ್ಸು ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡರೆ ಹಡಗು ಕಾಯುತ್ತದೆ, ಇಲ್ಲವೇ ನಿಮ್ಮನ್ನು ಮುಂದಿನ ಊರಿಗೆ ತಲುಪಿಸುವ ಹೊಣೆ ಅವರದ್ದು. ನೀವೇ ಮಾಡಿಕೊಂಡ ಸುತ್ತಾಟದಲ್ಲಿ ತಡವಾದರೆ ಹಡಗು ಹೊರಟೇಬಿಡುತ್ತದೆ. ಮುಂದಿನ ದ್ವೀಪಕ್ಕೆ ವಿಮಾನ ನಿಮ್ಮ ಖರ್ಚು. ನನ್ನ ಲೆಕ್ಕ ಹೀಗೆ: ದ್ವೀಪದ ಆ ತುದಿಗೆ ಹೋಗುವುದಾದರೆ ಹಡಗಿನವರ ಜೊತೆ ಹೋಗಿ. ಊರಲ್ಲೇ ಸುತ್ತುವುದಾದರೆ ಯಾರೂ ಬೇಡ, ಎರಡು ಕಾಲು ಸಾಕು.

ಎರಡು ಗಡಿಯಾರಗಳ ಕಥೆ

ಇದನ್ನು ಸ್ವಲ್ಪ ನಿಧಾನವಾಗಿ ಓದಿ. ನಮ್ಮ ಬೆಳಗು ಹಾಳಾಗಿದ್ದೇ ಇದರಿಂದ.

ಬಾರ್ಬಡೋಸ್‌ನಲ್ಲಿ ವರ್ಷಪೂರ್ತಿ ಒಂದೇ ಸಮಯ, ಭಾರತಕ್ಕಿಂತ ಒಂಬತ್ತೂವರೆ ಗಂಟೆ ಹಿಂದೆ. ಫ್ಲೋರಿಡಾದಲ್ಲಿ ಹಾಗಲ್ಲ. ಚಳಿಗಾಲಕ್ಕೊಂದು, ಬೇಸಿಗೆಗೊಂದು ಅಂತ ಗಡಿಯಾರ ತಿರುಗಿಸುತ್ತಾರೆ. ಚಳಿಗಾಲದಲ್ಲಿ ಬಾರ್ಬಡೋಸ್ ಫ್ಲೋರಿಡಾಗಿಂತ ಒಂದು ಗಂಟೆ ಮುಂದೆ ಇರುತ್ತದೆ, ಬೇಸಿಗೆಯಲ್ಲಿ ಎರಡೂ ಒಂದೇ. ಕೆಲವು ಹಡಗುಗಳು ದ್ವೀಪದ ಸಮಯಕ್ಕೆ ತಕ್ಕಂತೆ ಗಡಿಯಾರ ಬದಲಿಸುತ್ತವೆ. ಕೆಲವು ಹೊರಟ ಊರಿನ ಸಮಯವನ್ನೇ ಇಟ್ಟುಕೊಳ್ಳುತ್ತವೆ.

ನಾವು ಹೊರಗಡೆ ಒಂದು ಕೆಟಮರಾನ್ ದೋಣಿಗೆ ದುಡ್ಡು ಕಟ್ಟಿದ್ದೆವು. ಒಂಬತ್ತು ಗಂಟೆಗೆ ಹೊರಡುವುದು. ಹಡಗಿನ ಗಡಿಯಾರ ನೋಡಿಕೊಂಡು ಆರಾಮಾಗಿ ದೋಸೆ ತಿಂದು (ಹೌದು, ಹಡಗಿನ ಬಫೆಯಲ್ಲಿ ದೋಸೆ ಇತ್ತು, ದಪ್ಪ ಮಾತ್ರ ಚಪಾತಿಯಷ್ಟು) ಒಂಬತ್ತಕ್ಕೆ ಐದು ನಿಮಿಷ ಇರುವಾಗ ಹೋಗಿ ನಿಂತೆವು. ಬಂದರಿನ ಗೋಡೆಯ ಗಡಿಯಾರದಲ್ಲಿ ಹತ್ತಕ್ಕೆ ಐದು ನಿಮಿಷ. ದೋಣಿ ಹೋಗಿ ಒಂದು ಗಂಟೆ ಆಗಿತ್ತು. ದುಡ್ಡು ವಾಪಸ್ ಬರಲಿಲ್ಲ. ತಪ್ಪು ನಮ್ಮದೇ, ಜಗಳ ಆಡೋಕೂ ಜಾಗ ಇರಲಿಲ್ಲ. "ದುಡ್ಡು ಹೋದ್ರೆ ಹೋಯ್ತು ಬಿಡೋ, ಹಡಗು ಹೋಗಿಲ್ವಲ್ಲ" ಅಂದಳು ಅಮ್ಮ.

ಇದರ ಉಲ್ಟಾ ಇನ್ನೂ ಅಪಾಯ. ಮೆಕ್ಸಿಕೊದ ಕೊಜುಮೆಲ್‌ನಲ್ಲಿ ಬೇಸಿಗೆಯಲ್ಲಿ ದ್ವೀಪದ ಗಡಿಯಾರ ಫ್ಲೋರಿಡಾದ ಹಡಗಿಗಿಂತ ಒಂದು ಗಂಟೆ ಹಿಂದೆ ಇರುತ್ತದೆ. ಮೊಬೈಲ್ ತಾನಾಗೇ ದ್ವೀಪದ ಸಮಯಕ್ಕೆ ಬದಲಾಗಿ ಮೂರೂವರೆ ತೋರಿಸುವಾಗ ಹಡಗಿನಲ್ಲಿ ನಾಲ್ಕೂವರೆ. ಅಲ್ಲಿ ತಪ್ಪಿಹೋಗುವುದು ದೋಣಿಯಲ್ಲ, ಹಡಗೇ.

ಮಾಡಬೇಕಾದ್ದು ಸುಲಭ. ಹಿಂದಿನ ರಾತ್ರಿ ಹಡಗಿನ ದಿನಪತ್ರಿಕೆಯಲ್ಲಿ "ನಾಳೆ ಯಾವ ಸಮಯ" ಅಂತ ಬರೆದಿರುತ್ತಾರೆ, ನೋಡಿ. ಮೊಬೈಲ್‌ನಲ್ಲಿ ತಾನಾಗಿ ಸಮಯ ಬದಲಾಗುವುದನ್ನು ನಿಲ್ಲಿಸಿ. ಇನ್ನೂ ಒಳ್ಳೆಯದು, ಒಂದು ಹಳೇ ಕೈಗಡಿಯಾರ ಕಟ್ಟಿಕೊಂಡು ಅದನ್ನು ಹಡಗಿನ ಸಮಯಕ್ಕೆ ಇಟ್ಟುಬಿಡಿ. ಹೊರಗಡೆ ಏನನ್ನೇ ಬುಕ್ ಮಾಡಿದ್ದರೂ ಅದು ದ್ವೀಪದ ಸಮಯ ಅನ್ನುವುದು ನೆನಪಿರಲಿ.

ಚೀಲದಲ್ಲಿ ಏನು, ಏನು ಬೇಡ

ಹಡಗಿನ ಕಾರ್ಡ್, ಫೋಟೊ ಇರುವ ಒಂದು ಗುರುತಿನ ಚೀಟಿ, ಪಾಸ್‌ಪೋರ್ಟಿನ ಜೆರಾಕ್ಸ್. ಇದಿಲ್ಲದೆ ಕೆಳಗೆ ಇಳಿಯಬೇಡಿ. ಡಾಲರ್ ಚಿಲ್ಲರೆ ಇರಲಿ. ಬಾರ್ಬಡೋಸ್‌ನ ಎರಡು ಡಾಲರ್ ಅಂದರೆ ಅಮೆರಿಕದ ಒಂದು ಡಾಲರ್, 1975ರಿಂದಲೂ ಇದೇ ದರ. ಅಮೆರಿಕದ ನೋಟನ್ನು ಅಂಗಡಿ, ಟ್ಯಾಕ್ಸಿ ಎಲ್ಲದರಲ್ಲೂ ತೆಗೆದುಕೊಳ್ಳುತ್ತಾರೆ, ಚಿಲ್ಲರೆ ಮಾತ್ರ ಅಲ್ಲಿನ ದುಡ್ಡಿನಲ್ಲಿ ಬರುತ್ತದೆ. ಬೆಲೆ ಕೇಳುವಾಗ "ಯಾವ ಡಾಲರ್?" ಅಂತ ಕೇಳಿಬಿಡಿ. ಈ ಒಂದು ಮಾತಿನಿಂದ ಅರ್ಧಕ್ಕರ್ಧ ಉಳಿಯಬಹುದು.

ನೀರಿನ ಬಾಟಲಿ ತುಂಬಿಸಿಕೊಳ್ಳಿ. ಖಾಲಿಯಾದರೆ ನಲ್ಲಿ ನೀರೇ ಕುಡಿಯಬಹುದು. ದ್ವೀಪದ ಬಹುಭಾಗ ಹವಳದ ಸುಣ್ಣಕಲ್ಲು, ಮಳೆ ನೀರು ಅದರಲ್ಲೇ ಸೋಸಿ ಇಳಿಯುತ್ತದೆ. ಹಡಗಿನ ಟವೆಲ್ ತಂದರೆ ಎಣಿಸಿ ವಾಪಸ್ ಒಯ್ಯಿರಿ, ಕಳೆದರೆ ಬಿಲ್ಲಿಗೆ ಸೇರಿಸುತ್ತಾರೆ. ಹಡಗಿನ ಬಫೆಯಿಂದ ಬಾಳೆಹಣ್ಣು ಎತ್ತಿಕೊಂಡು ಇಳಿಯಬೇಡಿ, ಹಣ್ಣು ತರಕಾರಿ ದ್ವೀಪದ ಒಳಗೆ ಬಿಡುವುದಿಲ್ಲ.

ಇನ್ನೊಂದು ವಿಷಯ ನಮ್ಮವರಿಗೆ ಗೊತ್ತೇ ಇರುವುದಿಲ್ಲ. ಮಿಲಿಟರಿ ಬಣ್ಣದ ಬಟ್ಟೆ, ಅದೇ ಹಸಿರು ಕಂದು ಮಚ್ಚೆ ಮಚ್ಚೆ ಇರುತ್ತಲ್ಲ, ಅದನ್ನು ಸೈನಿಕರಲ್ಲದವರು ಹಾಕುವುದು ಬಾರ್ಬಡೋಸ್‌ನಲ್ಲಿ ಕಾನೂನಿಗೆ ವಿರುದ್ಧ. ಮಕ್ಕಳ ಚಡ್ಡಿ, ಟೋಪಿ, ಬ್ಯಾಗು ಕೂಡ. ನಮ್ಮ ಅಣ್ಣನ ಮಗನ ಅಚ್ಚುಮೆಚ್ಚಿನ ಚಡ್ಡಿ ಇದೇ ಬಣ್ಣದ್ದು. ಹಡಗಿನ ಬಾಗಿಲಲ್ಲೇ ತಡೆದು ವಾಪಸ್ ಕಳಿಸಿದರು, ಬದಲಾಯಿಸಿ ಬರಲು ಇನ್ನೊಂದು ಇಪ್ಪತ್ತು ನಿಮಿಷ.

ಬಂದರಿನಿಂದ ಹೊರಗೆ

ಬ್ರಿಡ್ಜ್‌ಟೌನ್‌ನಲ್ಲಿ ಹಡಗು ದಕ್ಕೆಗೇ ತಾಗಿ ನಿಲ್ಲುತ್ತದೆ. ಕೆಲವು ದ್ವೀಪಗಳಲ್ಲಿ ಹಡಗು ಸಮುದ್ರದಲ್ಲೇ ಲಂಗರು ಹಾಕಿ ಸಣ್ಣ ದೋಣಿಯಲ್ಲಿ ಕರೆದೊಯ್ಯುತ್ತಾರೆ, ಇಲ್ಲಿ ಆ ರಗಳೆ ಇಲ್ಲ. ವಯಸ್ಸಾದವರಿಗೆ ಇದು ದೊಡ್ಡ ಅನುಕೂಲ. ಮೊದಲ ಅರ್ಧ ಗಂಟೆಯ ನೂಕುನುಗ್ಗಲು ಕಳೆಯಲು ಬಿಟ್ಟು ಇಳಿಯಿರಿ.

ಟರ್ಮಿನಲ್ ಒಳಗಿನ ಅಂಗಡಿಗಳನ್ನು ಈಗ ನೋಡಬೇಡಿ, ವಾಪಸ್ ಬರುವಾಗ ಅವು ಅಲ್ಲೇ ಇರುತ್ತವೆ. ಹೊರಗೆ ಬಂದರೆ ಟ್ಯಾಕ್ಸಿಯವರು. ಮೀಟರ್ ಇರುವುದಿಲ್ಲ. ನಂಬರ್ ಪ್ಲೇಟ್ ಝಡ್ ಅಕ್ಷರದಿಂದ ಶುರುವಾಗಿದ್ದರೆ ಲೈಸೆನ್ಸ್ ಇರುವ ಟ್ಯಾಕ್ಸಿ. ಹತ್ತುವ ಮೊದಲೇ ದರ, ಯಾವ ಡಾಲರ್, ತಲೆಗೋ ಗಾಡಿಗೋ, ಮೂರನ್ನೂ ಕೇಳಿ.

ಅದಕ್ಕೂ ಮೊದಲು ಒಂದು ಮಾತು: "ಗುಡ್ ಮಾರ್ನಿಂಗ್" ಹೇಳಿ. ಬೇಜನ್ ಜನರು (ತಮ್ಮನ್ನು ಅವರು ಹಾಗೇ ಕರೆದುಕೊಳ್ಳುವುದು) ಅಂಗಡಿಗೆ, ಬಸ್ಸಿಗೆ ಹತ್ತಿದಾಗಲೂ ಮೊದಲು ನಮಸ್ಕಾರ ಹೇಳುತ್ತಾರೆ. ಸೀದಾ "ಎಷ್ಟು?" ಅಂತ ಶುರು ಮಾಡಿದರೆ ಒರಟು ಅನ್ನಿಸುತ್ತದೆ. ನಾನು ಹಾಗೆ ಕೇಳಿದ್ದಕ್ಕೆ ಒಬ್ಬರು ಹಿರಿಯ ಚಾಲಕರು ನನ್ನ ಮುಖ ನೋಡಿ, ನಿಧಾನವಾಗಿ "ಗುಡ್ ಮಾರ್ನಿಂಗ್" ಅಂದು ಸುಮ್ಮನಾದರು. ನಾನು ಗುಡ್ ಮಾರ್ನಿಂಗ್ ಹೇಳಿದ ಮೇಲೆಯೇ ದರ ಹೇಳಿದ್ದು.

ಬಸ್ಸಿಗೆ ಹೋಗುವುದಾದರೆ ಮೂರು ತರಹ ಇವೆ. ಸರ್ಕಾರದ ನೀಲಿ ಬಸ್ಸು, ಖಾಸಗಿಯವರ ಹಳದಿ ಮಿನಿ ಬಸ್ಸು, ಬಿಳಿ ಮೈಗೆ ಕಂದುಗೆಂಪು ಪಟ್ಟಿ ಹೊಡೆದ ಝಡ್‌ಆರ್ ವ್ಯಾನು. 2019ರಲ್ಲಿ ಟಿಕೆಟ್ ದರವನ್ನು ಅಲ್ಲಿನ ಮೂರೂವರೆ ಡಾಲರ್‌ಗೆ ಏರಿಸಿದರು, ಎಲ್ಲಿಗೆ ಹೋದರೂ ಒಂದೇ ದರ. ನೀಲಿ ಬಸ್ಸಿನಲ್ಲಿ ಚಿಲ್ಲರೆ ಕೊಡುವುದಿಲ್ಲ. ಝಡ್‌ಆರ್ ಅಂದರೆ ನಮ್ಮ ಮ್ಯಾಕ್ಸಿಕ್ಯಾಬ್, ಹಾಡು ಮಾತ್ರ ಇನ್ನೂ ಜೋರು, ಮಡಿಲ ಮೇಲೆ ಇನ್ನೊಬ್ಬರ ಚೀಲ. ಬಸ್‌ಸ್ಟಾಪಿನ ಬೋರ್ಡಿನಲ್ಲಿ "ಟು ಸಿಟಿ" ಅಂತಿದ್ದರೆ ಊರ ಕಡೆಗೆ, "ಔಟ್ ಆಫ್ ಸಿಟಿ" ಅಂತಿದ್ದರೆ ಹೊರಕ್ಕೆ. ವಾಪಸ್ ಬರುವಾಗ ಇಷ್ಟು ಗೊತ್ತಿದ್ದರೆ ಸಾಕು.

ಮೊದಲು ನೀರು

ಬೆಳಿಗ್ಗೆಯೇ ಬೀಚಿಗೆ ಹೋಗಿ. ಬಿಸಿಲು ಕಮ್ಮಿ, ಜನ ಕಮ್ಮಿ. ಬಂದರಿನಿಂದ ಊರು ದಾಟಿ ಆಚೆಗೆ ಕಾರ್ಲೈಲ್ ಕೊಲ್ಲಿ. ಅಲ್ಲಿರುವುದು ಬ್ರೌನ್ಸ್ ಬೀಚ್. ಟ್ಯಾಕ್ಸಿಯಲ್ಲಿ ಹತ್ತು ಹದಿನೈದು ನಿಮಿಷ. ಬಾರ್ಬಡೋಸ್‌ನಲ್ಲಿ ಬೀಚ್‌ಗಳೆಲ್ಲ ಸಾರ್ವಜನಿಕ, ಮರಳಿಗೆ ಕಾಲಿಡಲು ಯಾರೂ ದುಡ್ಡು ಕೇಳುವಂತಿಲ್ಲ. ಕುರ್ಚಿ, ಕೊಡೆ ಬೇಕಾದರೆ ಬಾಡಿಗೆ.

ಈ ಕಡೆ ಸಮುದ್ರ ಕೆರೆಯ ಹಾಗೆ ಶಾಂತ. ದ್ವೀಪದ ಪೂರ್ವಕ್ಕೆ ಅಟ್ಲಾಂಟಿಕ್ ಸಾಗರ. ಅಲ್ಲಿನ ಬಾತ್‌ಶೀಬಾದಲ್ಲಿ ಅಣಬೆ ಆಕಾರದ ದೊಡ್ಡ ಬಂಡೆಗಳಿವೆ, ನೋಡಲು ಚಂದ. ಆದರೆ ಅಲೆಯ ಸೆಳೆತ ಜಾಸ್ತಿ, ಅಲ್ಲಿ ಈಜಲು ಇಳಿಯಬಾರದು.

ಕಾರ್ಲೈಲ್ ಕೊಲ್ಲಿಯ ತಳದಲ್ಲಿ ಮುಳುಗಿದ ಹಡಗುಗಳಿವೆ. ಅದರಲ್ಲಿ ಬರ್ವಿನ್ ಅನ್ನುವುದು 1919ರಲ್ಲಿ ಮುಳುಗಿದ್ದು, ಈಗ ಮೈತುಂಬ ಹವಳ. ಕಡಲಾಮೆಗಳೂ ಇಲ್ಲಿ ಮೇಯಲು ಬರುತ್ತವೆ. ದಡದಲ್ಲೇ ಸಣ್ಣ ದೋಣಿಯವರು ಸಿಗುತ್ತಾರೆ, ಮುಖವಾಡ, ಉಸಿರಾಟದ ಕೊಳವೆ, ಲೈಫ್ ಜಾಕೆಟ್ ಅವರೇ ಕೊಡುತ್ತಾರೆ. ಈಜು ಬರದಿದ್ದರೆ ನಾಚಿಕೆ ಪಡದೆ ಮೊದಲೇ ಹೇಳಿ. ನನಗೆ ಬಾವಿಯಲ್ಲಿ ಕಲಿತ ಈಜು ಬರುತ್ತೆ, ಆದರೂ ಜಾಕೆಟ್ ಬಿಡಲಿಲ್ಲ. ಆಮೆಯನ್ನು ಮುಟ್ಟಬೇಡಿ. ನಾನು ತಲೆ ನೀರಲ್ಲಿಟ್ಟು ನೋಡುವಾಗ ಒಂದು ಆಮೆ ಕೆಳಗಿನಿಂದ ಎದ್ದು ಬಂತು. ನನ್ನಿಂದ ಎರಡು ಮೊಳ ದೂರದಲ್ಲಿ ಮೂಗು ಮೇಲೆತ್ತಿ, ಒಂದು ಸಲ ಉಸಿರು ಎಳೆದುಕೊಂಡು ಮತ್ತೆ ಇಳಿಯಿತು. ಅದರ ಬೆನ್ನ ಮೇಲೆ ಪಾಚಿ ಅಂಟಿತ್ತು. ಕೆಟಮರಾನ್ ದುಡ್ಡು ಹೋಗಿದ್ದು ಅಲ್ಲಿಗೆ ಮರೆತೇಹೋಯಿತು.

ಅಮ್ಮ ಚೂಡಿದಾರದ ಪ್ಯಾಂಟು ಮೊಣಕಾಲಿನ ತನಕ ಮಡಚಿ ದಡದಲ್ಲೇ ನಿಂತಿದ್ದಳು. ಇದ್ದಕ್ಕಿದ್ದಂತೆ ಮಳೆ ಬಂತು. ಇಲ್ಲಿ ಹಾಗೇ, ಐದು ನಿಮಿಷ ಬಂದು ನಿಲ್ಲುತ್ತದೆ. ಅವಳು ಹತ್ತಿರದ ಮರದ ಕೆಳಗೆ ಓಡಿದಳು. ಕುರ್ಚಿ ಬಾಡಿಗೆಗೆ ಕೊಡುವವನು ಕೂಗಿಕೊಂಡು ಬಂದು ಕೈಹಿಡಿದು ಈಚೆಗೆ ಎಳೆದ. ಕಾಂಡದ ಮೇಲೆ ಕೆಂಪು ಪಟ್ಟಿ ಬಳಿದಿತ್ತು. ಅದು ಮ್ಯಾಂಚಿನೀಲ್ ಮರ. ಎಲೆಯಿಂದ ತೊಟ್ಟಿಕ್ಕುವ ಮಳೆ ನೀರು ಬಿದ್ದರೂ ಚರ್ಮ ಬೊಬ್ಬೆ ಏಳುತ್ತದೆ. ಸಣ್ಣ ಹಸಿರು ಸೇಬಿನಂತಹ ಹಣ್ಣು ವಿಷ. ಸ್ಪ್ಯಾನಿಷ್‌ನಲ್ಲಿ ಅದಕ್ಕೆ "ಸಾವಿನ ಪುಟ್ಟ ಸೇಬು" ಅನ್ನುತ್ತಾರಂತೆ. ಮಕ್ಕಳನ್ನು ಕರೆದೊಯ್ಯುವವರು ಬೀಚಿಗೆ ಕಾಲಿಟ್ಟ ಕೂಡಲೇ ಈ ಕೆಂಪು ಪಟ್ಟಿಯ ಮರ ಎಲ್ಲಿದೆ ಅಂತ ನೋಡಿ ತೋರಿಸಿಬಿಡಿ. ಎಲ್ಲ ಮರಕ್ಕೂ ಪಟ್ಟಿ ಇರುತ್ತೆ ಅಂತಲೂ ನಂಬಬೇಡಿ, ಗೊತ್ತಿಲ್ಲದ ಮರದ ಕೆಳಗೆ ನಿಲ್ಲದೆ ಇರುವುದೇ ಸರಿ.

ಊರೊಳಗೆ, ಹೊಟ್ಟೆ ಪಾಡು

ಹನ್ನೆರಡರ ಹೊತ್ತಿಗೆ ಬೀಚ್ ಬಿಡಿ. ಬೇ ಸ್ಟ್ರೀಟ್ ಹಿಡಿದು ಊರ ಕಡೆ ಇಪ್ಪತ್ತು ನಿಮಿಷ ನಡೆದರೆ ಚೇಂಬರ್‌ಲೇನ್ ಸೇತುವೆ. ಕೆಳಗೆ ದೋಣಿಗಳು ನಿಂತ ನೀರಿನ ಓಣಿಗೆ ಕರೀನೇಜ್ ಅನ್ನುತ್ತಾರೆ. ಹಿಂದೆ ಮರದ ಹಡಗುಗಳನ್ನು ಇಲ್ಲಿ ಒಂದು ಪಕ್ಕಕ್ಕೆ ವಾಲಿಸಿ ತಳ ಕೆರೆದು ಸ್ವಚ್ಛ ಮಾಡುತ್ತಿದ್ದರು, ಅದರಿಂದ ಬಂದ ಹೆಸರು.

ಸಸ್ಯಾಹಾರಿಗಳಿಗೆ ಎರಡು ದಾರಿ. ಒಂದು, ರೋಟಿ. ಟ್ರಿನಿಡಾಡ್‌ಗೆ ಕೂಲಿಗೆ ಹೋದ ಭಾರತೀಯರಿಂದ ಕೆರಿಬಿಯನ್‌ಗೆಲ್ಲ ಹಬ್ಬಿದ್ದು. ದೊಡ್ಡ ರೊಟ್ಟಿಯಲ್ಲಿ ಆಲೂಗಡ್ಡೆ, ಕಡಲೆಕಾಳಿನ ಪಲ್ಯ ಸುತ್ತಿ ಕೊಡುತ್ತಾರೆ. ಇನ್ನೊಂದು, ಐಟಲ್ ಅಡುಗೆ. ರಾಸ್ತಫಾರಿ ಪಂಥದವರದ್ದು, ಮಾಂಸ ಇಲ್ಲ, ಉಪ್ಪೂ ಕಮ್ಮಿ. "ರೈಸ್ ಅಂಡ್ ಪೀಸ್" ಅಂತ ಸಿಗುವ ಅನ್ನದಲ್ಲಿ ಇರುವುದು ಹೆಚ್ಚಾಗಿ ನಮ್ಮ ತೊಗರಿ ಕಾಳೇ. ಖುಷಿಯಿಂದ ತಗೊಂಡುಬಿಡಬೇಡಿ, ರುಚಿಗೆ ಉಪ್ಪಿನಲ್ಲಿಟ್ಟ ಹಂದಿಮಾಂಸ ಹಾಕಿರುವುದು ಮಾಮೂಲು. ಕೇಳಿ ತಗೊಳ್ಳಿ. ಹಳದಿ ಪೆಪ್ಪರ್ ಸಾಸ್ ಮೇಜಿನ ಮೇಲೇ ಇರುತ್ತದೆ. ಬ್ಯಾಡಗಿ ಮೆಣಸಿನಕಾಯಿ ಅಂದುಕೊಂಡು ಸುರಿದುಕೊಂಡರೆ ಆಮೇಲೆ ಪಶ್ಚಾತ್ತಾಪ.

ಬಾರ್ಬಡೋಸ್‌ನ ರಾಷ್ಟ್ರೀಯ ಅಡುಗೆ ಕೂಕೂ ಮತ್ತು ಹಾರುವ ಮೀನು. ನಾವು ಹೋದ ಸಣ್ಣ ಹೋಟೆಲಿನಲ್ಲಿ ಅಡುಗೆಮನೆ ಬಾಗಿಲು ತೆಗೆದೇ ಇತ್ತು. ಅಡುಗೆಯಾಕೆ ಬೆಂಡೆಕಾಯಿ ಬೇಯಿಸಿದ ಲೋಳೆ ನೀರನ್ನು ಪಾತ್ರೆಗೆ ಹಾಕಿ, ಮೆಕ್ಕೆಜೋಳದ ಹಿಟ್ಟು ಸುರಿದು, ಉದ್ದನೆಯ ಚಪ್ಪಟೆ ಮರದ ಕೋಲಿನಿಂದ ತಿರುವುತ್ತಿದ್ದರು. ಪಾತ್ರೆಯನ್ನು ಬಟ್ಟೆಯಲ್ಲಿ ಒತ್ತಿ ಹಿಡಿದು, ಗಂಟು ಕಟ್ಟದ ಹಾಗೆ, ತೋಳಿನ ಬಲವೆಲ್ಲ ಹಾಕಿ. ಅಮ್ಮ ಎದ್ದು ಹೋಗಿ ಬಾಗಿಲಲ್ಲಿ ನಿಂತಳು. "ಲೋ, ಇದು ಮುದ್ದೆ ಕೋಲು ಕಣೋ!" ಆಕೆಗೆ ಕನ್ನಡ ಬರದು, ಅಮ್ಮನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ. ಅಮ್ಮ ಕೈಯಲ್ಲಿ ತಿರುವುವ ಅಭಿನಯ ಮಾಡಿದಳು. ಆಕೆ ನಕ್ಕು ಕೋಲನ್ನೇ ಕೈಗೆ ಕೊಟ್ಟರು. ಅದಕ್ಕೂ ಹೆಸರು ಇದೆ, ಕೂಕೂ ಕೋಲು. ಕೊನೆಗೆ ಬೆಣ್ಣೆ ಸವರಿದ ಬಟ್ಟಲಿಗೆ ಹಾಕಿ ಕುಲುಕಿ ತಟ್ಟೆಗೆ ಮಗುಚಿದರೆ ಥೇಟ್ ಮುದ್ದೆ, ಬಣ್ಣ ಮಾತ್ರ ಹಳದಿ. ಮೀನಿನ ಗೊಜ್ಜು ಬೇಡ ಅಂದರೆ ತರಕಾರಿ ಗೊಜ್ಜು ಹಾಕಿ ಕೊಟ್ಟರು. ನುಂಗಬೇಕೋ ಅಗಿಯಬೇಕೋ ಅನ್ನುವ ಬಗ್ಗೆ ನಮ್ಮಲ್ಲೇ ಒಮ್ಮತ ಮೂಡಲಿಲ್ಲ.

ಬ್ರೆಡ್‌ಫ್ರೂಟ್ ಹುರಿದದ್ದು ಸಿಕ್ಕರೆ ಬಿಡಬೇಡಿ. ಮಂಗಳೂರು ಕಡೆಯವರಿಗೆ ಹೇಳುವುದೇ ಬೇಡ, ಅದು ಜೀಗುಜ್ಜೆ. ಕೆರಿಬಿಯನ್‌ಗೆ ಅದನ್ನು ಪೆಸಿಫಿಕ್‌ನಿಂದ ಹಡಗಿನಲ್ಲಿ ತಂದಿದ್ದು 1793ರಲ್ಲಿ, ಗುಲಾಮರಿಗೆ ಅಗ್ಗದ ಊಟಕ್ಕೆ ಅಂತ.

ಕಾಲ್ನಡಿಗೆಯ ಎರಡು ಗಂಟೆ

ಹಳೆಯ ಬ್ರಿಡ್ಜ್‌ಟೌನ್ ಮತ್ತು ಅದರ ಗ್ಯಾರಿಸನ್ (ಹಳೆಯ ಸೈನ್ಯದ ನೆಲೆ) ಪ್ರದೇಶ 2011ರಿಂದ ಯುನೆಸ್ಕೊದ ವಿಶ್ವ ಪರಂಪರೆ ಪಟ್ಟಿಯಲ್ಲಿದೆ. ಸೇತುವೆ ದಾಟಿದರೆ ನ್ಯಾಷನಲ್ ಹೀರೋಸ್ ಸ್ಕ್ವೇರ್. ಇಲ್ಲಿ 1813ರಿಂದ ನಿಂತಿದ್ದ ಬ್ರಿಟಿಷ್ ಸೇನಾನಿ ನೆಲ್ಸನ್‌ನ ಪ್ರತಿಮೆಯನ್ನು 2020ರ ನವೆಂಬರ್‌ನಲ್ಲಿ ತೆಗೆದುಬಿಟ್ಟರು. ಮರುವರ್ಷ ಅದೇ ತಿಂಗಳ 30ಕ್ಕೆ ದೇಶ ಗಣರಾಜ್ಯವಾಯಿತು, ಬ್ರಿಟಿಷ್ ರಾಣಿ ದೇಶದ ಮುಖ್ಯಸ್ಥೆಯಾಗಿ ಉಳಿಯಲಿಲ್ಲ. ಎದುರಿಗೇ ಪಾರ್ಲಿಮೆಂಟ್ ಕಟ್ಟಡ, ಹವಳದ ಕಲ್ಲಿನದ್ದು. ಹತ್ತಿರದಲ್ಲೇ ನಿಧೆ ಇಸ್ರೇಲ್ ಸಿನಗಾಗ್ (ಯೆಹೂದಿಗಳ ಪ್ರಾರ್ಥನಾ ಮಂದಿರ), ಇದರ ಮೂಲ 1654ರದ್ದು. ಊರು ಶ್ರೀಮಂತವಾಗಿದ್ದು ಕಬ್ಬಿನಿಂದ, ಆ ಕಬ್ಬು ಕಡಿದವರು ಆಫ್ರಿಕಾದಿಂದ ಹಿಡಿದು ತಂದ ಗುಲಾಮರು. ಗೈಡುಗಳು ಇದನ್ನು ಮುಚ್ಚಿಡದೆ ಹೇಳುತ್ತಾರೆ.

ಸ್ವಾನ್ ಸ್ಟ್ರೀಟ್ ನಮ್ಮ ಚಿಕ್ಕಪೇಟೆಯ ತಮ್ಮ. ವಾಹನ ಇಲ್ಲ, ಹಣ್ಣಿನವರು, ಬಟ್ಟೆಯವರು. ಈ ಊರಿನ ಬಟ್ಟೆ ವ್ಯಾಪಾರದಲ್ಲಿ ಗುಜರಾತಿನಿಂದ ಬಂದವರ ಮನೆತನಗಳು ಬಹಳ. ಭಾನುವಾರ ಮಾತ್ರ ಬಹುತೇಕ ಬಾಗಿಲು ಹಾಕಿರುತ್ತದೆ.

ಇನ್ನೂ ಕಾಲಿಗೆ ಶಕ್ತಿ ಇದ್ದರೆ ಕ್ವೀನ್ಸ್ ಪಾರ್ಕಿಗೆ ಹೋಗಿ. ಅಲ್ಲಿನ ಬಾವೊಬಾಬ್ ಮರದ ಸುತ್ತಳತೆ 18 ಮೀಟರ್‌ಗೂ ಹೆಚ್ಚು. ಹಾವೇರಿಯ ಸವಣೂರಿನಲ್ಲಿ "ದೊಡ್ಡ ಹುಣಸೆ ಮರ" ನೋಡಿದವರಿಗೆ ಗುರುತು ಸಿಗುತ್ತದೆ, ಅದೇ ಜಾತಿ. ಎರಡು ಕಡೆಗೂ ಆಫ್ರಿಕಾದಿಂದ ಬಂದದ್ದು.

ಕ್ರಿಕೆಟ್ ನೋಡುವವರು ಮರ ಬಿಟ್ಟರೂ ಕೆನ್ಸಿಂಗ್ಟನ್ ಓವಲ್ ಮೈದಾನ ಬಿಡಬಾರದು. ಊರಿನಿಂದ ಬಂದರಿಗೆ ಹೋಗುವ ಕಡೆಯೇ ಇದೆ, ಕೊನೆಗೆ ಇಟ್ಟುಕೊಳ್ಳಿ. ಹೊರಗೆ ಗ್ಯಾರಿ ಸೋಬರ್ಸ್ ಪ್ರತಿಮೆ. ಒಂದು ತುದಿಗೆ ಮಾಲ್ಕಂ ಮಾರ್ಷಲ್ ಹೆಸರು, ಇನ್ನೊಂದಕ್ಕೆ ಜೋಯೆಲ್ ಗಾರ್ನರ್ ಹೆಸರು. 1997ರ ಟೆಸ್ಟ್ ಪಂದ್ಯದಲ್ಲಿ ಇಲ್ಲೇ ನಮ್ಮವರು ವೆಸ್ಟ್ ಇಂಡೀಸ್ ಎದುರು 120 ರನ್ ಬೆನ್ನಟ್ಟಲು ಹೋಗಿ 81ಕ್ಕೆ ಆಲೌಟ್ ಆಗಿದ್ದು. ದ್ರಾವಿಡ್, ಕುಂಬ್ಳೆ, ವೆಂಕಟೇಶ್ ಪ್ರಸಾದ್ ಮೂವರೂ ಆ ತಂಡದಲ್ಲಿದ್ದರು. 27 ವರ್ಷ ಕಳೆದು, 2024ರ ಜೂನ್ 29ರಂದು, ಅದೇ ಮೈದಾನದಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧ 7 ರನ್ನಿನಿಂದ ಟಿ20 ವಿಶ್ವಕಪ್ ಗೆದ್ದಾಗ ದ್ರಾವಿಡ್ ಕೋಚ್. ಕಪ್ ಕೈಗೆ ಬಂದಾಗ ಆ ಮನುಷ್ಯ ಕೂಗಿದ್ದು ನೆನಪಿದೆ ಅಲ್ವಾ? ಗೇಟಿನ ಕಂಬಿ ಹಿಡಿದು ಒಳಗಿನ ಹಸಿರನ್ನು ಎರಡು ನಿಮಿಷ ನೋಡಿದೆ. ಕಾವಲಿನವರು "ಇಂಡಿಯಾ?" ಅಂದರು. ಹೌದು ಅಂದೆ. ಬೌಂಡರಿ ಗೆರೆಯ ಮೇಲೆ ಕ್ಯಾಚ್ ಹಿಡಿದು, ಎಸೆದು, ಮತ್ತೆ ಹಿಡಿಯುವುದನ್ನು ಅಭಿನಯಿಸಿ ತೋರಿಸಿದರು.

ವಾಪಸ್

ಹಡಗಿನ ಗಡಿಯಾರದಲ್ಲಿ ಕೊನೆಯ ಸಮಯಕ್ಕೆ ಒಂದು ಗಂಟೆ ಇರುವಾಗ ಬಂದರಿನ ಬಾಗಿಲಲ್ಲಿರಿ. ರಮ್ ಕೊಳ್ಳುವವರು ಈಗ ಟರ್ಮಿನಲ್‌ನಲ್ಲಿ ಕೊಳ್ಳಬಹುದು. ಮೌಂಟ್ ಗೇ ಅನ್ನುವ ರಮ್‌ನ ಇತಿಹಾಸ 1703ರಷ್ಟು ಹಿಂದಕ್ಕೆ ಹೋಗುತ್ತದೆ. ಬಾಟಲಿಯನ್ನು ಹಡಗಿನವರು ಇಸಿದುಕೊಂಡು ಕೊನೆಯ ದಿನ ಕೊಡುತ್ತಾರೆ, ಗಾಬರಿ ಆಗಬೇಡಿ. ಶಂಖ, ಹವಳ ಎತ್ತಿಕೊಂಡು ಬರಬೇಡಿ. ಹಣ್ಣೂ ಒಳಗೆ ಬಿಡುವುದಿಲ್ಲ. ಮೊಬೈಲನ್ನು ಹಡಗು ಹೊರಡುವ ಮೊದಲೇ ಏರೋಪ್ಲೇನ್ ಮೋಡ್‌ಗೆ ಹಾಕಿ, ಸಮುದ್ರದ ನಡುವಿನ ನೆಟ್‌ವರ್ಕ್ ಬಿಲ್ಲು ಕಣ್ಣೀರು ತರಿಸುತ್ತದೆ.

ಪ್ಯಾಕೆಟ್ ಕಟ್ಟಿದ ಸಿಹಿತಿಂಡಿಗೆ ಯಾರೂ ಏನೂ ಅನ್ನಲಿಲ್ಲ. ಅಮ್ಮ ಸ್ವಾನ್ ಸ್ಟ್ರೀಟಿನಲ್ಲಿ ಹುಣಸೆ ಉಂಡೆ ಕೊಂಡಿದ್ದಳು, ಹುಣಸೆ ಹಣ್ಣಿಗೆ ಸಕ್ಕರೆ ಬೆರೆಸಿ ಮಾಡುವುದು, ನಾವು ಸ್ಕೂಲಿನ ಗೇಟಿನಲ್ಲಿ ತಿಂದಿದ್ದಕ್ಕೆ ತೀರ ಹತ್ತಿರ. ಸಂಜೆ ಮೇಲಿನ ಡೆಕ್‌ನಲ್ಲಿ ನಿಂತು ನೋಡುತ್ತಿದ್ದೆವು. ಇಬ್ಬರು ಚಪ್ಪಲಿ ಕೈಯಲ್ಲಿ ಹಿಡಿದು ದಕ್ಕೆಯುದ್ದಕ್ಕೂ ಓಡಿ ಬರುತ್ತಿದ್ದರು, ಮೇಲಿದ್ದವರೆಲ್ಲ ಶಿಳ್ಳೆ ಹೊಡೆದು ಹುರಿದುಂಬಿಸುತ್ತಿದ್ದರು. ಅವರು ಹತ್ತಿದರು, ಏಣಿ ಎತ್ತಿದರು. ಅಮ್ಮನ ಎರಡು ಪ್ಯಾಕೆಟ್ಟಿನಲ್ಲಿ ಒಂದು ಅಷ್ಟರಲ್ಲೇ ಖಾಲಿಯಾಗಿತ್ತು.